ಲಂಕಾ ಸಮಸಮಾಜ ಪಕ್ಷದ ಹತ್ತೊಂಬತ್ತು ಸ್ಥಾನಗಳು

(ಪಕ್ಷದ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಒಂಟಿಯಾಗಿ ನಿಂತು ಠೇವಣಿ ಕಳೆದುಕೊಳ್ಳುವುದು ಇನ್ನೆಷ್ಟು ದಿನ, ದೊಡ್ಡ ಪಕ್ಷವೊಂದರ ಜೊತೆ ಸೇರಿದರೆ ನಾಲ್ಕು ಸ್ಥಾನವಾದರೂ ದಕ್ಕೀತಲ್ಲ ಎಂದು ಬೆಳಗಿನ ಚರ್ಚೆಯಲ್ಲಿ ತರುಣ ಮಿತ್ರರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಠೇವಣಿಯ ಹಣ ಸದಸ್ಯರ ಜೇಬಿನಿಂದ ಬರತಕ್ಕದ್ದು. ಇದಕ್ಕೆ ನೆರೆಯ ಲಂಕೆಯ ಒಂದು ಪಕ್ಷದ ಅನುಭವವನ್ನು ನಿಮ್ಮ ಮುಂದಿಡುತ್ತೇನೆ.

ಲಂಕಾ ಸಮಸಮಾಜ ಪಕ್ಷ ಹುಟ್ಟಿದ್ದು 1935ರಲ್ಲಿ, ಮಲೇರಿಯಾ ಮಾರಿ ಊರೂರನ್ನು ನುಂಗುತ್ತಿದ್ದ ಕಾಲದಲ್ಲಿ. ಲಂಡನ್ನಿನಲ್ಲಿ ಓದಿ ಬಂದಿದ್ದ ಎನ್. ಎಂ. ಪೆರೇರ ಹಳ್ಳಿಗಳಲ್ಲಿ ರೋಗಿಗಳಿಗೆ ಬೇಳೆ ಹಂಚುತ್ತ ಓಡಾಡಿದರು. ಜನ ಅವರಿಗೆ ‘ಬೇಳೆ ದೊರೆ’ ಎಂದೇ ಹೆಸರಿಟ್ಟರು. 1936ರ ಚುನಾವಣೆಯಲ್ಲಿ ಪೆರೇರ, ಫಿಲಿಪ್ ಗುಣವರ್ಧನ ಇಬ್ಬರೂ ಗೆದ್ದರು. 1947ರಲ್ಲಿ ಪಕ್ಷಕ್ಕೆ 10 ಸ್ಥಾನ, 1956ರಲ್ಲಿ 14.

ಈ ಮತಗಳು ಬಂದದ್ದು ಬೀದಿಯ ಹೋರಾಟದಿಂದ. 1953ರಲ್ಲಿ ಸರ್ಕಾರ ಒಂದು ಅಳತೆ ಅಕ್ಕಿಯ ಬೆಲೆಯನ್ನು 25 ಸೆಂಟಿನಿಂದ 70 ಸೆಂಟಿಗೆ ಏರಿಸಿತು. ಆಗಸ್ಟ್ 12ರಂದು ನಡೆದ ಹರತಾಳಕ್ಕೆ ಹೆದರಿದ ಮಂತ್ರಿಮಂಡಲ ಬಂದರಿನಲ್ಲಿದ್ದ ಬ್ರಿಟಿಷ್ ಯುದ್ಧನೌಕೆಯಲ್ಲಿ ಸಭೆ ಸೇರಿತು! ಕೆಲವೇ ವಾರಗಳಲ್ಲಿ ಪ್ರಧಾನಿ ಡಡ್ಲಿ ಸೇನಾನಾಯಕೆ ರಾಜೀನಾಮೆ ಕೊಟ್ಟರು. ಇನ್ನೊಂದು ಮಾತು. ತೋಟದ ತಮಿಳು ಕೂಲಿಗಾರರ ಪೌರತ್ವ ಕಿತ್ತಾಗಲೂ, 1956ರಲ್ಲಿ ಸಿಂಹಳವೊಂದೇ ರಾಜಭಾಷೆ ಎಂದಾಗಲೂ, ಸಿಂಹಳೀಯರ ಮತದಿಂದಲೇ ಗೆಲ್ಲುತ್ತಿದ್ದ ಈ ಪಕ್ಷ ವಿರೋಧಿಸಿ ನಿಂತಿತು. ಅವರ ಸಭೆಗಳ ಮೇಲೆ ದೊಂಬಿ ಬಿತ್ತು. ಆದರೂ ಅಲುಗಲಿಲ್ಲ.

1960ರ ಮಾರ್ಚಿನಲ್ಲಿ ಅಧಿಕಾರ ಹಿಡಿಯುವ ಆಸೆಯಿಂದ 101 ಕ್ಷೇತ್ರಗಳಲ್ಲಿ ನಿಂತರು, ಗೆದ್ದದ್ದು 10. ಬೇಸರ ಹುಟ್ಟಿದ್ದು ಸಹಜ. 1964ರಲ್ಲಿ ಸಿರಿಮಾವೋ ಬಂಡಾರನಾಯಕೆಯವರ ಸರ್ಕಾರ ಸೇರಿ ಪೆರೇರ ಹಣಕಾಸು ಮಂತ್ರಿಯಾದರು. ಪಕ್ಷ ಒಡೆಯಿತು. ಅದೇ ಡಿಸೆಂಬರಿನಲ್ಲಿ ಒಂದೇ ಮತದಿಂದ ಸರ್ಕಾರ ಬಿದ್ದಾಗ ವಿರುದ್ಧ ಕೈಯೆತ್ತಿದವರಲ್ಲಿ ಹೊರನಡೆದ ಎಡಪಂಥೀಯರೂ ಇದ್ದರು.

ನನ್ನ ದೂರು ಮಂತ್ರಿಪದವಿಯ ಮೇಲಲ್ಲ. 1966ರಲ್ಲಿ ತಮಿಳಿಗೆ ಅಲ್ಪಸ್ವಲ್ಪ ಸ್ಥಾನ ಕೊಡುವ ನಿಯಮಗಳು ಬಂದಾಗ ಅದೇ ಸಮಸಮಾಜಿಗಳು ವಿರೋಧದ ಮೆರವಣಿಗೆಯಲ್ಲಿದ್ದರು. 1970ರಲ್ಲಿ 19 ಸ್ಥಾನ, ಹಿಂದೆಂದೂ ಕಾಣದ ಗೆಲುವು. ಮರುವರ್ಷ ಕೆಲಸವಿಲ್ಲದ ತರುಣರು ಜೆ.ವಿ.ಪಿ.ಯ ಬಾವುಟದಡಿ ದಂಗೆ ಎದ್ದಾಗ ಅವರನ್ನು ಹತ್ತಿಕ್ಕಿದ ಸರ್ಕಾರದಲ್ಲಿ ಇವರೂ ಇದ್ದರು. 1972ರ ಸಂವಿಧಾನ ಸಿಂಹಳವನ್ನೇ ರಾಜಭಾಷೆಯಾಗಿ ಉಳಿಸಿತು. ಅದನ್ನು ರೂಪಿಸಿದ ಮಂತ್ರಿ, ಹಿಂದೆ ಎರಡು ಭಾಷೆಗಳ ಪರವಾಗಿ ವಾದಿಸಿದ್ದ ಕಾಲ್ವಿನ್ ಡಿ ಸಿಲ್ವ! 1975ರಲ್ಲಿ ಸಿರಿಮಾವೋ ಇವರನ್ನು ಸರ್ಕಾರದಿಂದ ಹೊರಹಾಕಿದರು. 1977ರಲ್ಲಿ ಪಕ್ಷಕ್ಕೆ ದಕ್ಕಿದ್ದು ಸೊನ್ನೆ. ಪೆರೇರ ಕೂಡ ಸೋತರು.

ಆ ವರ್ಷ ಸಿರಿಮಾವೋ ಪಕ್ಷವೂ 8ಕ್ಕೆ ಇಳಿಯಿತು ನಿಜ. ಆದರೆ ಅದು ಮತ್ತೆ ಎದ್ದಿತು. ಇವರು ಸ್ವಂತ ಬಲದಲ್ಲಿ ಏಳಲಿಲ್ಲ.

2020ರಲ್ಲಿ 3 ಸ್ಥಾನ ಪಡೆದಿದ್ದ ಜೆ.ವಿ.ಪಿ. ಕೂಟ 2024ರಲ್ಲಿ 159 ಗೆದ್ದಿತಲ್ಲ ಎನ್ನುವಿರಿ. ನಡುವೆ 2022ರಲ್ಲಿ ದೇಶದ ಬೊಕ್ಕಸವೇ ಬರಿದಾಗಿತ್ತು. ಆ ಲೆಕ್ಕ ಬೇರೆ.

ಹೊಂದಾಣಿಕೆಯ ಪ್ರಸ್ತಾಪ ನಾಳೆ ಸಮಿತಿಯ ಮುಂದೆ ಬರುತ್ತದೆ. ಎಷ್ಟು ಸ್ಥಾನ ಎಂಬುದನ್ನು ಅದರಲ್ಲಿ ಬರೆದಿದ್ದಾರೆ. ಭೂಮಿ, ಕೂಲಿಗಳ ವಿಷಯದಲ್ಲಿ ನಾವು ಯಾವ ಮಾತು ಬಿಡಬೇಕೆಂದು ಬರೆದಿಲ್ಲ. ಅದನ್ನು ಬರೆಸಿಕೊಳ್ಳದೆ ನಾನು ಕೈಯೆತ್ತುವುದಿಲ್ಲ.