ಕೆಸರಿನ ಟೈರು ಯಾರಿಗೆ, ಎಷ್ಟು ದಿನಕ್ಕೆ?

(ಗುಡ್ಡಸೀಮೆಯ ಬಳಗದ ಸಭೆಯಲ್ಲಿ ಓದಿದ ಉಪನ್ಯಾಸದ ಪಠ್ಯ)



ಗುಡ್ಡ, ಕಾವಲು, ಕೆರೆಗಳ ಕುರಿತು ಚಿಂತಿಸುವ ಸಭೆಯಲ್ಲಿ ವಾಹನದ ಟೈರನ್ನು ಕುರಿತ ಉಪನ್ಯಾಸವೇಕೆ ಎಂಬ ಪ್ರಶ್ನೆ ಸಹಜವಾದುದು. ಉತ್ತರವೂ ಸರಳವಾಗಿದೆ. ಮನುಷ್ಯನ ವಾಹನವು ನೆಲವನ್ನು ಮುಟ್ಟುವುದು ಟೈರಿನ ಮೂಲಕ ಮಾತ್ರ. ಒಂದೊಂದು ಗಾಲಿಯೂ ನೆಲವನ್ನು ಮುಟ್ಟುವ ಜಾಗ ಎರಡು ಅಂಗೈಯಗಲಕ್ಕಿಂತ ಬಹಳ ಹೆಚ್ಚಿನದಲ್ಲ. ಆ ಅಂಗೈಯಗಲದಲ್ಲಿಯೇ ಚಾಲಕನ ಪ್ರಾಣವೂ ಇದೆ, ಗುಡ್ಡದ ಮಣ್ಣಿನ ಹಣೆಬರಹವೂ ಇದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ನಾಲ್ಕೂ ಗಾಲಿಗಳಿಗೆ ಚಾಲನೆಯುಳ್ಳ ವಾಹನಗಳು ಕೇವಲ ಷೋಕಿಯ ವಸ್ತುಗಳಲ್ಲ. ತೋಟದಿಂದ ದಾಳಿಂಬೆ, ಅಡಿಕೆ, ತೆಂಗನ್ನು ಸಾಗಿಸುವವರು, ಹಾಲಿನ ಕ್ಯಾನು ಹೊರುವವರು, ಗಾಳಿಯಂತ್ರಗಳ ದುರಸ್ತಿಗೆ ಗುಡ್ಡ ಹತ್ತುವವರು, ಕೊಳವೆಬಾವಿಯ ಪಂಪು ಎತ್ತಲು ಹೊಲಕ್ಕಿಳಿಯುವವರು ಇವುಗಳನ್ನು ದಿನವೂ ಓಡಿಸುತ್ತಾರೆ. ಬೆಳಗ್ಗೆ ಹೊಲದ ಬದು, ಮಧ್ಯಾಹ್ನ ರಾಷ್ಟ್ರೀಯ ಹೆದ್ದಾರಿ 48, ಸಂಜೆ ಸಂತೆಯ ಬೀದಿ. ಇಂಥ ವಾಹನಕ್ಕೆ ಹಳೆಯ ಟೈರು ಸವೆದಾಗ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ದಪ್ಪ ಗಡ್ಡೆಗಳ, ಆಳವಾದ ಚಡಿಗಳ ಕೆಸರಿನ ಟೈರು. ನೋಡಲು ಅದು ಗಂಭೀರವಾಗಿದೆ. ಆದರೆ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ವರ್ಷದಲ್ಲಿ ಎಷ್ಟು ದಿನ ಈ ವಾಹನ ನಿಜವಾಗಿಯೂ ಕೆಸರಿನಲ್ಲಿ ಓಡುತ್ತದೆ?

ನೆಲದ ಬಗೆ

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುತ್ತದೆ. ಚಿತ್ರದುರ್ಗ ಜಿಲ್ಲೆಯ ಸರಾಸರಿಯು 600 ಮಿ.ಮೀ. ಆಸುಪಾಸಿನದು. ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೀಳುವುದು. ಮಲೆನಾಡಿನ ಚಾಲಕನಿಗೆ ಒಪ್ಪುವ ಆಯ್ಕೆಯು ಬಯಲುಸೀಮೆಯ ಚಾಲಕನಿಗೆ ಒಪ್ಪಲೇಬೇಕೆಂದಿಲ್ಲ. ಆದರೂ ಒಣಸೀಮೆಯೆಂದು ಕೆಸರನ್ನು ಪೂರ್ತಿ ಮರೆಯುವಂತೆಯೂ ಇಲ್ಲ. 1898ರಿಂದ 1907ರ ನಡುವೆ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವು 1933ರ ಬಳಿಕ ತುಂಬಿ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. 2025ರ ಜನವರಿಯಲ್ಲಿ ಅದು ಮತ್ತೆ ತುಂಬಿತು. ಒಣಸೀಮೆಗೆ ಮಳೆ ಬಂದಾಗ ಕೆಲವೇ ದಿನಗಳಲ್ಲಿ ಬಹಳವಾಗಿ ಬರುತ್ತದೆ.

ಬಿದ್ದ ಮಳೆ ಎಲ್ಲ ನೆಲದಲ್ಲಿಯೂ ಒಂದೇ ಬಗೆಯ ಕೆಸರಾಗುವುದಿಲ್ಲ. ಹಿರಿಯೂರು ಸೀಮೆಯ ಎರೆಮಣ್ಣಿನಲ್ಲಿ ನೀರು ಹೀರಿ ಹಿಗ್ಗುವ ಜೇಡಿಯ ಅಂಶ ಹೆಚ್ಚು. ಒಣಗಿದಾಗ ಬಿರುಕು ಬಿಡುವ ಆ ಮಣ್ಣೇ ನೆನೆದಾಗ ಅಂಟಾಗುತ್ತದೆ, ಗಾಲಿಗೆ ಸುತ್ತಿಕೊಳ್ಳುತ್ತದೆ, ಚಡಿಗಳನ್ನು ತುಂಬುತ್ತದೆ. ಚಡಿ ತುಂಬಿದ ಮೇಲೆ ಯಾವ ಟೈರಾದರೂ ಬೋಳು ಟೈರಿಗೆ ಸಮ. ಹೊಸದುರ್ಗ, ಹೊಳಲ್ಕೆರೆಗಳ ಕೆಂಪುಮಣ್ಣು ಹಾಗಲ್ಲ. ಅದರಲ್ಲಿ ಮರಳಿನಂಶವಿದ್ದು ನೀರು ಬೇಗ ಇಂಗುತ್ತದೆ. ಮಳೆ ನಿಂತ ಕೆಲವೇ ಗಂಟೆಗಳಲ್ಲಿ ಗಾಲಿ ಹಿಡಿತ ಕಂಡುಕೊಳ್ಳುತ್ತದೆ. ಇನ್ನು ಗುಡ್ಡದ ದಾರಿಗಳಲ್ಲಿ ಕೆಸರಿಗಿಂತ ಚೂಪುಗಲ್ಲಿನ ಕಾಟವೇ ದೊಡ್ಡದು. ಪದರು ಪದರಾಗಿ ಒಡೆಯುವ ಶಿಲೆಯ ಅಂಚು ಟೈರಿನ ಮೈಗಿಂತ ಅದರ ಪಕ್ಕದ ಗೋಡೆಯನ್ನು ಮೊದಲು ಸೀಳುತ್ತದೆ. ಎರೆಗೆ ಬೇಕಾದುದು ತೆರೆದ ಚಡಿ, ಗುಡ್ಡಕ್ಕೆ ಬೇಕಾದುದು ಗಟ್ಟಿ ಪಕ್ಕೆ, ಹೆದ್ದಾರಿಗೆ ಬೇಕಾದುದು ಡಾಂಬರನ್ನು ತುಂಬುಮೈಯಿಂದ ಹಿಡಿಯುವ ರಬ್ಬರು. ಈ ಮೂರನ್ನೂ ಸಂಪೂರ್ಣವಾಗಿ ಕೊಡುವ ಟೈರು ಇಲ್ಲ.

ಮೂರು ಜಾತಿ

ಅಂಗಡಿಗಳಲ್ಲಿ ದೊರೆಯುವ ಟೈರುಗಳನ್ನು ಸ್ಥೂಲವಾಗಿ ಮೂರು ಜಾತಿಗಳಾಗಿ ವಿಂಗಡಿಸಬಹುದು. ಹೆದ್ದಾರಿಯ ಟೈರು, ಅಂದರೆ ಎಚ್‌ಟಿ, ಕಿರಿದಾದ ಚಡಿಗಳದು. ಸದ್ದು ಕಡಿಮೆ, ಇಂಧನ ಕಡಿಮೆ, ಬಾಳಿಕೆ ಹೆಚ್ಚು. ಕೆಸರಿನಲ್ಲಿ ಮಾತ್ರ ಬೇಗ ಕೈಚೆಲ್ಲುತ್ತದೆ. ಎಲ್ಲ ನೆಲದ ಟೈರು, ಅಂದರೆ ಎಟಿ, ನಡುದಾರಿಯದು. ಕೆಸರಿನ ಟೈರು, ಅಂದರೆ ಎಂಟಿ, ಅಗಲವಾದ ಚಡಿಗಳಿಂದ ಕೆಸರನ್ನು ಕಚ್ಚಿ, ಗಾಲಿ ತಿರುಗುವ ರಭಸಕ್ಕೆ ಅದನ್ನು ಹೊರಕ್ಕೆ ಎಸೆದು, ಮತ್ತೆ ಹೊಸದಾಗಿ ಕಚ್ಚುವಂತೆ ರೂಪಿತವಾದುದು.

ಕೆಸರಿನಲ್ಲಿ ಗುಣವಾದ ಈ ತೆರಪೇ ಡಾಂಬರಿನ ಮೇಲೆ ದೋಷವಾಗುತ್ತದೆ. ಚಡಿ ಅಗಲವಾದಷ್ಟೂ ರಸ್ತೆಯನ್ನು ಮುಟ್ಟುವ ರಬ್ಬರು ಕಡಿಮೆ. ಬ್ರೇಕು ಒತ್ತಿದಾಗ ಎತ್ತರದ ಗಡ್ಡೆಗಳು ಬಾಗುತ್ತವೆ. ಒದ್ದೆ ಡಾಂಬರಿನಲ್ಲಿ ಹಿಡಿತಕ್ಕೆ ನೆರವಾಗುವ ಸಣ್ಣ ಸೀಳುಗಳು ಈ ಜಾತಿಯಲ್ಲಿ ವಿರಳ. ಹೀಗಾಗಿ ಮಳೆಯಲ್ಲಿ ವಾಹನ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲಿ ಮುಂದಿನ ಲಾರಿ ಒಮ್ಮೆಗೇ ನಿಂತಾಗ ಆ ಹೆಚ್ಚುವರಿ ದೂರವೇ ಬದುಕು ಸಾವಿನ ಅಂತರವಾಗಬಲ್ಲದು. ಇದರ ಜತೆಗೆ ಇಂಧನದ ಖರ್ಚು ಏರುತ್ತದೆ, ಗುಂಯ್‌ಗುಡುವ ಸದ್ದು ದಿನವಿಡೀ ಕಿವಿ ತಿನ್ನುತ್ತದೆ, ಗಡ್ಡೆಗಳು ಡಾಂಬರಿನಲ್ಲಿ ಬೇಗ ಮತ್ತು ಒರಟೊರಟಾಗಿ ಸವೆಯುತ್ತವೆ. ಟೈರಿನ ಉರುಳು ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ ಹಾಗೂ ಸದ್ದಿಗೆ ಕೇಂದ್ರ ಸರ್ಕಾರವು 2022ರ ಜೂನ್ ಅಧಿಸೂಚನೆಯ ಮೂಲಕ ಎಐಎಸ್-142 ಎಂಬ ಮಾನಕವನ್ನು ಕಡ್ಡಾಯಗೊಳಿಸಿದ್ದು ಈ ಮೂರು ಗುಣಗಳ ಮಹತ್ವವನ್ನೇ ತೋರಿಸುತ್ತದೆ.

ಆಯ್ಕೆಗೆ ಮುನ್ನ ಚಾಲಕನು ಒಂದು ತಿಂಗಳ ಲೆಕ್ಕ ಬರೆದಿಡುವುದು ಒಳ್ಳೆಯದು. ಡಾಂಬರು ಎಷ್ಟು ಕಿಲೋಮೀಟರು, ಒಣ ಮಣ್ಣುದಾರಿ ಎಷ್ಟು, ಕಲ್ಲುದಾರಿ ಎಷ್ಟು, ಕೆಸರು ಎಷ್ಟು? ಇದನ್ನು ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮಾಡಿದರೆ ಉತ್ತರ ತಾನಾಗಿಯೇ ಹೊರಬೀಳುತ್ತದೆ. ಡಾಂಬರು ಮತ್ತು ಒಣ ದಾರಿಯ ಪಾಲೇ ಹೆಚ್ಚಿರುವವರಿಗೆ ಗಟ್ಟಿ ಪಕ್ಕೆಯ ಎಟಿ ಟೈರು ಸಾಕು. ಮಳೆಗಾಲವಿಡೀ ದಿನವೂ ಎರೆಹೊಲಕ್ಕೆ ಇಳಿಯಲೇಬೇಕಾದವರಿಗೆ ಎಂಟಿ ಸಮರ್ಥನೀಯ. ಅವರು ಅದನ್ನು ಬೇರೆ ಡಿಸ್ಕುಗಳಿಗೆ ಕೂರಿಸಿಟ್ಟು, ಮಳೆ ಮುಗಿದೊಡನೆ ಬದಲಾಯಿಸಿಕೊಂಡರೆ ಟೈರೂ ಬಾಳುತ್ತದೆ, ಹೆದ್ದಾರಿಯ ಅಪಾಯವೂ ತಗ್ಗುತ್ತದೆ.

ಪಕ್ಕೆಯ ಮೇಲಿನ ಬರಹ

ಟೈರಿನ ಪಕ್ಕೆಯ ಮೇಲೆ ಅದರ ಜಾತಕವೇ ಅಚ್ಚಾಗಿರುತ್ತದೆ. 235/70 ಆರ್ 16 ಎಂದಿದ್ದರೆ ಅಗಲ 235 ಮಿ.ಮೀ., ಪಕ್ಕೆಯ ಎತ್ತರ ಅಗಲದ ಶೇ. 70, ಡಿಸ್ಕು 16 ಅಂಗುಲ ಎಂದರ್ಥ. ಇದರ ಒಟ್ಟು ಎತ್ತರ ಸುಮಾರು 735 ಮಿ.ಮೀ. ಇದರ ಬದಲು 245/75 ಆರ್ 16 ಹಾಕಿಸಿದರೆ ಎತ್ತರ ಸುಮಾರು 774 ಮಿ.ಮೀ. ಆಗುತ್ತದೆ. ಶೇ. 5ರಷ್ಟು ಈ ಹೆಚ್ಚಳದಿಂದ ವೇಗಮಾಪಕವು 60 ತೋರಿಸುವಾಗ ವಾಹನವು ನಿಜವಾಗಿ 63ರ ವೇಗದಲ್ಲಿರುತ್ತದೆ. ಎಳೆತ ಕುಗ್ಗುತ್ತದೆ, ಬ್ರೇಕಿನ ಮೇಲೆ ಭಾರ ಬೀಳುತ್ತದೆ, ಗಾಲಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜಬಹುದು. ಕಾನೂನಿನ ತೊಡಕೂ ಇದೆ. ತಯಾರಕರ ಮೂಲ ವಿವರಕ್ಕೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಆದುದರಿಂದ ತಯಾರಕರು ಒಪ್ಪಿದ ಅಳತೆಯಲ್ಲಿಯೇ ಜಾತಿಯನ್ನು ಆರಿಸಿಕೊಳ್ಳುವುದು ವಿವೇಕ.

ಅಳತೆಯ ಮುಂದಿನ ಸಂಖ್ಯೆ ಭಾರದ ಸೂಚಿ. 100 ಎಂದರೆ ಒಂದು ಟೈರು 800 ಕಿಲೋ ಹೊರಬಲ್ಲದು, 106 ಎಂದರೆ 950 ಕಿಲೋ. ಸರಕು ಹೊರುವ ವಾಹನಕ್ಕೆ ಮೂಲ ಟೈರಿಗಿಂತ ಕಡಿಮೆ ಸೂಚಿಯ ಟೈರು ಸಲ್ಲದು. ಅದರ ಪಕ್ಕದ ಅಕ್ಷರ ವೇಗದ ಮಿತಿ. ಕ್ಯೂ ಎಂದರೆ ಗಂಟೆಗೆ 160 ಕಿ.ಮೀ., ಎಸ್ ಎಂದರೆ 180. ನಾಲ್ಕು ಅಂಕಿಗಳ ಮುದ್ರೆಯು ತಯಾರಿಕೆಯ ವಾರ ಮತ್ತು ವರ್ಷವನ್ನು ಹೇಳುತ್ತದೆ. ವರ್ಷಗಟ್ಟಲೆ ದಾಸ್ತಾನಿನಲ್ಲಿ ಕುಳಿತು ಗಡುಸಾದ ಟೈರು ಅಗ್ಗಕ್ಕೆ ಸಿಕ್ಕರೂ ದುಬಾರಿಯೇ. ನಾಲ್ಕು ಗಾಲಿಯ ಚಾಲನೆಯ ವಾಹನಕ್ಕೆ ನಾಲ್ಕೂ ಟೈರುಗಳು ಒಂದೇ ಅಳತೆ, ಒಂದೇ ಜಾತಿ, ಸರಿಸುಮಾರು ಒಂದೇ ಸವೆತದವು ಆಗಿರಬೇಕು. ಇಲ್ಲವಾದರೆ ಮುಂದಿನ ಮತ್ತು ಹಿಂದಿನ ಗಾಲಿಗಳು ಬೇರೆ ಬೇರೆ ದೂರ ಉರುಳಿ, ಗೇರುಗಳ ನಡುವೆ ಬಿಗಿತ ಹುಟ್ಟಿ, ದೊಡ್ಡ ದುರಸ್ತಿಗೆ ದಾರಿಯಾಗುತ್ತದೆ. ಸ್ಟೆಪ್ನಿಗೂ ಇದೇ ಮಾತು ಸಲ್ಲುತ್ತದೆ.

ಗಾಳಿ ಮತ್ತು ತಾಳ್ಮೆ

ಹೊಸ ಟೈರಿಗಿಂತ ಅಗ್ಗವಾದ ಉಪಾಯವೊಂದಿದೆ. ಟೈರು ನೆಲವನ್ನು ಮುಟ್ಟುವ ಜಾಗವು ಹೆಚ್ಚುಕಡಿಮೆ ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದಷ್ಟು. ಗಾಲಿಯ ಮೇಲೆ 500 ಕಿಲೋ ಭಾರವಿದ್ದು ಒತ್ತಡ 32 ಪೌಂಡು ಇದ್ದರೆ ಆ ಜಾಗ ಸುಮಾರು 220 ಚದರ ಸೆಂ.ಮೀ. ಒತ್ತಡವನ್ನು 20 ಪೌಂಡಿಗೆ ಇಳಿಸಿದರೆ ಅದು 350 ಚದರ ಸೆಂ.ಮೀ. ದಾಟುತ್ತದೆ. ಗಾಲಿ ಹೂಳುವುದು ಕಡಿಮೆಯಾಗುತ್ತದೆ, ಹಿಡಿತ ಹೆಚ್ಚುತ್ತದೆ, ನೆಲಕ್ಕೆ ಬೀಳುವ ಒತ್ತಡವೂ ತಗ್ಗುತ್ತದೆ. ಆದರೆ ಇದು ನಿಧಾನದ ಓಟಕ್ಕೆ, ಹಗುರ ಹೊರೆಗೆ ಮಾತ್ರ ಸಲ್ಲುವ ಉಪಾಯ; ಡಾಂಬರಿಗೆ ಬರುವ ಮುನ್ನ ಮತ್ತೆ ಗಾಳಿ ತುಂಬಲೇಬೇಕು. ಒತ್ತಡಮಾಪಕ ಮತ್ತು ಪುಟ್ಟ ಗಾಳಿಯಂತ್ರ ವಾಹನದಲ್ಲಿ ಇಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕಬಾರದು.

ಎರೆಗೆ ಇನ್ನೂ ಹಳೆಯ ಔಷಧ ಕಾಯುವುದು. ನೆನೆದ ಎರೆಹೊಲಕ್ಕೆ ರೈತರು ಎತ್ತನ್ನೂ ಇಳಿಸುವುದಿಲ್ಲ. ಎರಡು ದಿನದ ಬಿಸಿಲು ಮಾಡುವ ಕೆಲಸವನ್ನು ಯಾವ ಟೈರೂ ಮಾಡಲಾರದು.

ಗುಡ್ಡದ ಕಡೆಯಿಂದ ನೋಡಿದಾಗ

ಕೆಸರಿನ ಟೈರಿನ ಗಡ್ಡೆಗಳು ನೆನೆದ ಇಳಿಜಾರಿನಲ್ಲಿ ಸುತ್ತಿದಾಗ ಮೇಲ್ಮಣ್ಣನ್ನು ಬಗೆಯುತ್ತವೆ. ಜಾಡು ಮೂಡುತ್ತದೆ, ಮುಂದಿನ ಮಳೆಗೆ ಆ ಜಾಡೇ ಕಾಲುವೆ, ಕೆಲವು ಮಳೆಗಾಲ ಕಳೆದರೆ ಅದೇ ಕೊರಕಲು. ಜಾಡು ಆಳವಾದಾಗ ಮುಂದಿನ ವಾಹನ ಪಕ್ಕದ ಹುಲ್ಲಿನ ಮೇಲೆ ಹತ್ತುತ್ತದೆ, ದಾರಿ ಅಗಲವಾಗುತ್ತ ಹೋಗುತ್ತದೆ. ಒಣಸೀಮೆಯ ಗುಡ್ಡಗಳ ಮೇಲ್ಮಣ್ಣು ತೆಳು. ಒಮ್ಮೆ ತೊಳೆದುಹೋದರೆ ಮರಳಿ ಕೂಡಲು ಮನುಷ್ಯರ ತಲೆಮಾರುಗಳು ಸಾಲವು. ಗಾಳಿಯಂತ್ರಗಳಿಗಾಗಿ ಕಡಿದ ದಾರಿಗಳನ್ನು, ಗಣಿಲಾರಿಗಳು ಓಡಾಡಿದ ದಾರಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆದಾಗ ಲಾರಿಗಳು ನಿಂತವು. ಗುಡ್ಡಕ್ಕೆ ಬಿದ್ದ ಗೀರುಗಳು ಅದರೊಡನೆ ಮಾಯಲಿಲ್ಲ.

ಜೋಗಿಮಟ್ಟಿಯಂಥ ವನ್ಯಧಾಮದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಕೆಲಸಕ್ಕೆಂದು ಗುಡ್ಡ ಹತ್ತುವವನಿಗೂ ಟೈರಿನ ಬಲ ತೋರಿಸಲು ಹತ್ತುವವನಿಗೂ ವ್ಯತ್ಯಾಸವಿದೆ. ಮೊದಲನೆಯವನು ಇರುವ ದಾರಿಯಲ್ಲಿ, ಗಾಲಿ ಸುತ್ತದಂತೆ, ಕೆಳಗೇರಿನಲ್ಲಿ ನಿಧಾನವಾಗಿ ಹೋಗುತ್ತಾನೆ. ಸಿಕ್ಕಿಬಿದ್ದರೆ ಗಿಡ ಕಡಿದು ಗಾಲಿಗೆ ಹಾಕುವ ಬದಲು ವಾಹನದಲ್ಲಿಟ್ಟ ಗೋಣಿಚೀಲ, ಹಲಗೆಗಳನ್ನು ಹಾಸುತ್ತಾನೆ.

ಟೈರು ಸವೆಯುವುದೆಂದರೆ ರಬ್ಬರು ಎಲ್ಲಿಗೋ ಹೋಗುವುದೆಂದೇ ಅರ್ಥ. ಅದು ಧೂಳಾಗಿ ರಸ್ತೆಯಂಚಿಗೆ, ಅಲ್ಲಿಂದ ಹಳ್ಳಕ್ಕೆ, ಕೆರೆಗೆ ಸೇರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಕೋಹೊ ಸಾಲ್ಮನ್ ಮೀನುಗಳು ಮಳೆ ಬಿದ್ದೊಡನೆ ಸಾಯುತ್ತಿದ್ದುದಕ್ಕೆ ಕಾರಣವನ್ನು ವಿಜ್ಞಾನಿಗಳು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ರಬ್ಬರು ಬಿರಿಯದಂತೆ ಟೈರಿಗೆ ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕವು ಓಜೋನಿನೊಡನೆ ಕೂಡಿ ಹುಟ್ಟುವ ವಿಷವೇ ಆ ಕಾರಣ. ಅಗತ್ಯವಿಲ್ಲದೆ ಬೇಗ ಸವೆಯುವ ಟೈರನ್ನು ಆರಿಸುವುದೆಂದರೆ ಅಷ್ಟು ಹೆಚ್ಚು ಧೂಳನ್ನು ನೀರಿಗೆ ಕೊಡುವುದು. ಬಿಸಾಡಿದ ಹಳೆಯ ಟೈರಿನಲ್ಲಿ ನಿಂತ ನೀರು ಡೆಂಗೆ ಹರಡುವ ಸೊಳ್ಳೆಗೆ ತೊಟ್ಟಿಲು; ಸುಟ್ಟರೆ ಹೊಗೆಯೇ ವಿಷ. ಹಳೆಯ ಟೈರುಗಳ ಮರುಬಳಕೆಯ ಹೊಣೆಯನ್ನು 2022ರ ಜುಲೈ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಹಳೆಯ ಟೈರನ್ನು ಹೊಲದ ಬದುವಿಗೆ ಎಸೆಯದೆ ಮರುಬಳಕೆಯ ಜಾಲಕ್ಕೆ ತಲುಪಿಸುವ ಅಂಗಡಿಗೇ ಒಪ್ಪಿಸುವುದು ಕೊಳ್ಳುವವರ ಪಾಲಿನ ಹೊಣೆ.

ಕೊನೆಯದಾಗಿ ಒಂದು ಮಾತು. ಅತಿ ಬಲವಾಗಿ ಕಾಣುವ ಟೈರೇ ಒಳ್ಳೆಯ ಟೈರಲ್ಲ. ಒದ್ದೆ ಹೆದ್ದಾರಿಯಲ್ಲಿ ಸಮಯಕ್ಕೆ ನಿಲ್ಲಿಸುವ, ಹೊತ್ತ ಭಾರಕ್ಕೆ ಬಾಗದ, ಗುಡ್ಡದ ಕಲ್ಲಿಗೆ ಸೀಳದ, ಹೋದ ದಾರಿಯಲ್ಲಿ ಕೊರಕಲು ಬಿಡದ ಟೈರು ಒಳ್ಳೆಯ ಟೈರು. ಈ ನಾಲ್ಕು ತಾಲ್ಲೂಕುಗಳ ಹೆಚ್ಚಿನ ಚಾಲಕರಿಗೆ ವರ್ಷದ ಹೆಚ್ಚಿನ ದಿನಗಳಲ್ಲಿ ಅದು ಕೆಸರಿನ ಟೈರಲ್ಲ. ಉಳಿದ ಕೆಲವು ದಿನಗಳಿಗೆ ಗಾಳಿಯ ಮಾಪಕವೂ ಎರಡು ದಿನದ ಬಿಸಿಲೂ ಸಾಕು.