ಪಿಕಪ್ ಇಲ್ಲ ಅಂದ್ರೆ ಹಕ್ಕೂ ಇಲ್ವಾ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಕೂತು ಆನ್‌ಲೈನಲ್ಲಿ ಸಾಮಾನು ತರಿಸೋರಿಗೆ ಈ ಸಾಲು ಹೊಸದೇನಲ್ಲ: ‘ನಿಮ್ಮ ಪಿನ್‌ಕೋಡ್‌ಗೆ ರಿಟರ್ನ್ ಪಿಕಪ್ ಲಭ್ಯವಿಲ್ಲ.’ ಬರುವಾಗ ಬರತ್ತೆ, ವಾಪಸ್ ಮಾತ್ರ ಹೋಗಲ್ಲ. ಎಷ್ಟೋ ಜನ ‘ಹೋಗ್ಲಿ ಬಿಡು’ ಅಂತ ಸುಮ್ಮನಾಗ್ತಾರೆ. ಹಾಗೆ ಬಿಡಬೇಕಾಗಿಲ್ಲ ಅನ್ನೋದೇ ಇವತ್ತಿನ ಮಾತು.

ಒಂದು ಉದಾಹರಣೆ ನೋಡೋಣ. ಮಳೆಗಾಲಕ್ಕೆ ಅಂತ ವಾಟರ್‌ಪ್ರೂಫ್ ಶೂ ತರಿಸ್ತೀರಿ. ನಮ್ಮ ಮಲೆನಾಡಿನ ಮೊದಲ ಮಳೆಗೇ ಒಳಗೆಲ್ಲ ನೀರು. 2020ರ ಇ-ಕಾಮರ್ಸ್ ನಿಯಮಗಳು ಇಲ್ಲಿ ಸ್ಪಷ್ಟವಾಗಿವೆ. ವಸ್ತು ದೋಷಪೂರಿತವಾಗಿದ್ರೆ, ನಕಲಿ ಆಗಿದ್ರೆ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ರೆ, ಮಾರಾಟಗಾರ ಅದನ್ನು ವಾಪಸ್ ತಗೊಳ್ಳಲ್ಲ, ಹಣ ಕೊಡಲ್ಲ ಅನ್ನೋ ಹಾಗಿಲ್ಲ. ಹಳ್ಳಿಗೊಂದು, ಪೇಟೆಗೊಂದು ಅಂತ ಈ ನಿಯಮ ಭೇದ ಮಾಡಲ್ಲ.

ಆದ್ರೆ ಇದೂ ಗೊತ್ತಿರಲಿ. ಶೂ ಚೆನ್ನಾಗೇ ಇದೆ, ಬಣ್ಣ ಯಾಕೋ ಹಿಡಿಸಲಿಲ್ಲ ಅಂದ್ರೆ ಈ ನಿಯಮ ನೆರವಿಗೆ ಬರಲ್ಲ. ಅಲ್ಲಿ ನಡೆಯೋದು ಕಂಪನಿಯ ರಿಟರ್ನ್ ಪಾಲಿಸಿ ಮಾತ್ರ. ಕೊಳ್ಳೋ ಮುಂಚೆ ಅದನ್ನ ಓದಿ.

ಹಾಗಾದ್ರೆ ಮಾಡೋದೇನು? ಆರ್ಡರ್ ಮಾಡುವಾಗಲೇ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಆ ಪುಟ ಬದಲಾಗಬಹುದು. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿ. ಬಿಲ್ ಬಿಸಾಡಬೇಡಿ. ತೊಂದರೆ ಕಂಡ ಕೂಡಲೇ ಆ್ಯಪ್‌ನಲ್ಲಿರೋ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 48 ಗಂಟೆಯೊಳಗೆ ದೂರು ತಲುಪಿದೆ ಅಂತ ಅವರು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗಲಿಲ್ಲವಾ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಅಲ್ಲೂ ಬಗೆಹರಿಯದಿದ್ರೆ ಜಿಲ್ಲಾ ಗ್ರಾಹಕರ ಆಯೋಗ. 1986ರ ಹಳೇ ಕಾನೂನಿನಲ್ಲಿ ಕಂಪನಿ ಇರೋ ಕಡೆ ಅಥವಾ ವ್ಯವಹಾರ ನಡೆದ ಕಡೆ ದೂರು ಕೊಡಬೇಕಿತ್ತು. 2019ರ ಕಾಯಿದೆ ಅದನ್ನ ಬದಲಿಸಿತು. ಕಂಪನಿ ಬೆಂಗಳೂರಲ್ಲಿರಲಿ, ದೆಹಲಿಯಲ್ಲಿರಲಿ, ಈಗ ನೀವು ವಾಸ ಮಾಡೋ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮಗೆ ಅದು ಕಾರವಾರ. ಅದೂ ದೂರವೇ, ಮಳೆಗಾಲದಲ್ಲಿ ಘಟ್ಟ ಇಳಿಯೋದು ಸುಲಭದ ಮಾತಲ್ಲ. ಅದಕ್ಕೂ ದಾರಿ ಇದೆ: ದೂರನ್ನ ಆನ್‌ಲೈನಲ್ಲೇ ಸಲ್ಲಿಸಬಹುದು, ವಿಚಾರಣೆಗೆ ವಿಡಿಯೋ ಮೂಲಕ ಹಾಜರಾಗ್ತೀನಿ ಅಂತ ಕೇಳ್ಕೊಳ್ಳಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು ಅಷ್ಟೇ.

ಒಂಬೈನೂರು ರೂಪಾಯಿಗೆ ಇಷ್ಟೆಲ್ಲ ಯಾಕೆ ಅಂತ ಅನಿಸಬಹುದು. ನಾವು ಕೇಳಲ್ಲ ಅನ್ನೋ ಧೈರ್ಯದ ಮೇಲೇ ಕೆಟ್ಟ ಮಾಲು ಹಳ್ಳಿ ಕಡೆ ಬರೋದು. ಒಬ್ಬರು ಕೇಳಿದ್ರೆ ಆ ಧೈರ್ಯ ಸ್ವಲ್ಪ ಕಡಿಮೆಯಾಗತ್ತೆ. ಸದ್ಯಕ್ಕೆ 1915 ಅನ್ನೋ ನಂಬರನ್ನ ಫೋನಲ್ಲಿ ಸೇವ್ ಮಾಡ್ಕೊಳ್ಳಿ. ಮುಂದಿನ ಕಂತಲ್ಲಿ ಸಿಗೋಣ.