ನಾಲ್ಕು ನುಡಿಗಳ ಬೆಟ್ಟದ ನಾಡು

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಸ್ವಿಟ್ಜರ್ಲೆಂಡ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಿಮದ ಬೆಟ್ಟ, ಕೈಗಡಿಯಾರ, ಚಾಕೊಲೇಟು. ಇವು ತಮಗೆಲ್ಲ ಗೊತ್ತಿದ್ದುದೇ. ನಾನಿಂದು ಹೇಳಹೊರಟಿರುವುದು ಆ ನಾಡಿನ ಭಾಷೆಗಳ ಸಂಗತಿ. ಊರು ಬಿಟ್ಟು ಬಂದು ದುಡಿಯುತ್ತಿರುವ ನಮಗೆ ಅದರಿಂದ ತಿಳಿಯತಕ್ಕದ್ದು ಉಂಟು.

ದೇಶ ಚಿಕ್ಕದು. ವಿಸ್ತೀರ್ಣ 41,285 ಚದರ ಕಿಲೋಮೀಟರು; ನಮ್ಮ ಕರ್ನಾಟಕದ ಕಾಲುಭಾಗಕ್ಕೂ ಕಡಮೆ. ಜನಸಂಖ್ಯೆ ಸುಮಾರು 90 ಲಕ್ಷ. ಸಮುದ್ರವಿಲ್ಲ. ರೈನ್, ರೋನ್ ನದಿಗಳು ಹುಟ್ಟುವುದು ಇಲ್ಲಿಯೇ. ಕ್ಯಾಂಟನ್‌ಗಳೆಂಬ 26 ಸಣ್ಣ ರಾಜ್ಯಗಳು ಸೇರಿ ಒಕ್ಕೂಟವಾಗಿವೆ. ಮುಖ್ಯ ವಿಷಯಗಳನ್ನು ಜನರೇ ಮತ ಹಾಕಿ ತೀರ್ಮಾನಿಸುತ್ತಾರೆ. ಆದರೂ ರಾಷ್ಟ್ರದ ಚುನಾವಣೆಯಲ್ಲಿ ಹೆಂಗಸರಿಗೆ ಮತ ದೊರೆತದ್ದು 1971ರಲ್ಲಿ! ನಮ್ಮ ತಾಯಂದಿರು 1951-52ರ ಮೊದಲ ಮಹಾಚುನಾವಣೆಯಲ್ಲಿಯೇ ಮತ ಹಾಕಿದ್ದರು.

ಅಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಷ್ ಎಂಬ ನಾಲ್ಕು ರಾಷ್ಟ್ರಭಾಷೆಗಳು. ನೋಟಿನ ಮೇಲೆ ನಾಲ್ಕೂ ಇವೆ. ನಾಲ್ಕನ್ನೂ ಹಿಡಿಸಲು ಜಾಗವಿಲ್ಲದ ಅಂಚೆಚೀಟಿಯ ಮೇಲೆ, ಯಾರಿಗೂ ಪಕ್ಷಪಾತವಾಗದಂತೆ, ಲ್ಯಾಟಿನ್ನಿನಲ್ಲಿ 'ಹೆಲ್ವೇಷಿಯ' ಎಂದು ಅಚ್ಚು ಹಾಕುತ್ತಾರೆ.

ಇವುಗಳಲ್ಲಿ ರೊಮಾನ್ಷ್ ತೀರ ಬಡಭಾಷೆ. ಪೂರ್ವದ ಗ್ರೌಬುಂಡೆನ್ ಕ್ಯಾಂಟನ್ನಿನ ಕಣಿವೆಗಳಲ್ಲಿ, ಹಳೆಯ ರೋಮನರ ಆಡುಮಾತಿನಿಂದ ಬೆಳೆದದ್ದು. 2000ದ ಜನಗಣತಿಯಲ್ಲಿ ಇದೇ ತಮ್ಮ ಮುಖ್ಯ ಭಾಷೆಯೆಂದು ಬರೆಸಿದವರು ಸುಮಾರು 35,000 ಮಂದಿ ಮಾತ್ರ. ಮುಸೊಲಿನಿಯ ಕಾಲದಲ್ಲಿ, ಅದು ಬೇರೆ ಭಾಷೆಯೇ ಅಲ್ಲ, ಇಟಾಲಿಯನ್ನಿನದೇ ಒಂದು ಬಗೆ ಎಂಬ ವಾದ ಇಟಲಿಯಿಂದ ಎದ್ದಿತು. 1938ರ ಫೆಬ್ರವರಿ 20ರಂದು ಇಡೀ ದೇಶ ಮತ ಹಾಕಿತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮತಗಳು ರೊಮಾನ್ಷನ್ನು ರಾಷ್ಟ್ರಭಾಷೆಯೆಂದು ಒಪ್ಪಿದವು. ಹಾಗೆ ಒಪ್ಪಿದವರಲ್ಲಿ ಬಹುಮಂದಿಗೆ ಆ ಭಾಷೆ ಬರುತ್ತಲೇ ಇರಲಿಲ್ಲ!

ಆದರೆ ಮನ್ನಣೆ ದೊರೆತ ಮಾತ್ರಕ್ಕೆ ಭಾಷೆ ಉಳಿಯುವುದಿಲ್ಲ. ಕಣಿವೆಯಲ್ಲಿ ಎಲ್ಲರಿಗೂ ಹೊಟ್ಟೆಪಾಡು ಸಾಗದು. ಹಿಂದೆ ಅಲ್ಲಿಯವರು ಮಿಠಾಯಿ ಕೆಲಸಕ್ಕೆಂದು ವೆನಿಸ್ಸಿಗೆ ಹೋಗುತ್ತಿದ್ದರು. 1766ರಲ್ಲಿ ವೆನಿಸ್ ಅವರನ್ನು ಹೊರಗಟ್ಟಿದಾಗ ಯೂರೋಪಿನ ಬೇರೆ ಬೇರೆ ಪಟ್ಟಣಗಳಿಗೆ ಚದರಿ ಅಂಗಡಿಯಿಟ್ಟರು. ಈಗ ಕೆಲಸ ಹುಡುಕಿ ಜ್ಯೂರಿಕ್ಕಿಗೆ ಹೋಗುತ್ತಾರೆ. ಅಲ್ಲಿ ಕಛೇರಿ, ಅಂಗಡಿ, ಶಾಲೆ ಎಲ್ಲವೂ ಜರ್ಮನ್. ಸಾಲದ್ದಕ್ಕೆ ರೊಮಾನ್ಷಿನ ಬರವಣಿಗೆಯಲ್ಲೇ ಐದು ಬಗೆ. 1982ರಲ್ಲಿ ಎಲ್ಲರಿಗೂ ಒಂದು ಸಾಮಾನ್ಯ ಬರಹರೂಪವನ್ನು ಮಾಡಿದರು. ಹಲವು ಊರುಗಳು ಅದನ್ನು ಶಾಲೆಯಲ್ಲಿ ಕಲಿಸಿ ನೋಡಿ, ಮತ್ತೆ ತಮ್ಮ ಕಣಿವೆಯ ನುಡಿಗೇ ಮರಳಿದವು.

ಇಷ್ಟಾದರೂ ಅವರು ಕೈ ಕಟ್ಟಿ ಕುಳಿತಿಲ್ಲ. 1945ರಲ್ಲಿ ಸೆಲಿನಾ ಖ್ಯೋಂಟ್ಸ್ ಎಂಬಾಕೆ, ಹಬ್ಬಕ್ಕೆ ದೊಡ್ಡ ಗಂಟೆ ತರಲು ಹಿಮದಲ್ಲಿ ಒಬ್ಬನೇ ಹೊರಟ ಹುಡುಗನ ಕಥೆ ಬರೆದರು. ಆ ಮಕ್ಕಳ ಪುಸ್ತಕ ಅನೇಕ ಭಾಷೆಗಳಿಗೆ ಹೋಯಿತು.

ನಮ್ಮ ಸ್ಥಿತಿ ಅಷ್ಟು ಕಷ್ಟದ್ದಲ್ಲ. 2011ರ ಜನಗಣತಿಯಂತೆ ಕನ್ನಡಿಗರು ನಾಲ್ಕು ಕೋಟಿಗೂ ಮಿಕ್ಕು. ನಿಮ್ಮ ಜೇಬಿನಲ್ಲಿರುವ ನೋಟು ತೆಗೆದು ನೋಡಿ. ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯ ಸಾಲು ಕನ್ನಡ. ಅದನ್ನು ನಮ್ಮ ಮಕ್ಕಳು ಓದಬಲ್ಲರೆ? ಇದನ್ನು ಮಾತ್ರ ಯಾವ ಸರಕಾರವೂ ನಮಗಾಗಿ ಮಾಡಿಕೊಡದು. ಮುಂದಿನ ಭಾನುವಾರ ಮಕ್ಕಳನ್ನೂ ಇಲ್ಲಿಗೆ ಕರೆತನ್ನಿ. ಒಂದು ಪುಸ್ತಕ ಮನೆಗೆ ಒಯ್ಯಿರಿ, ಅವರಿಂದ ಗಟ್ಟಿಯಾಗಿ ಓದಿಸಿರಿ.